ಕದಲದೆ ಕೂತವರಿಗೂ ಗಾಳಿ ಕೊಡಬೇಕೆಂದು ಸೆನ್ಸರ್ ಸಾಹೇಬರಲ್ಲಿ ಅರಿಕೆ

ಮಾನ್ವಿಯ ನಮ್ಮ ಪ್ರೌಢಶಾಲೆಯ ಹೊಸ ಹಸಿರು ಕಟ್ಟಡದಲ್ಲಿ, ಹತ್ತನೆಯ ತರಗತಿಯ ಛಾವಣಿಗೆ ಅಂಟಿಕೊಂಡು, ಅಲುಗಾಟ ಕಂಡರೆ ಮಾತ್ರ ಫ್ಯಾನು ತಿರುಗಿಸುವ ಮಾನ್ಯ ಸೆನ್ಸರ್ ಸಾಹೇಬರೇ, ಗಣಿತದ ಟೀಚರ್ ಶಶಿಕಲಾ ಬೆವರೊರೆಸಿಕೊಂಡು ಮಾಡುವ ನಮಸ್ಕಾರಗಳು.

ಕಟ್ಟಡದ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಮಣ್ಣಿನ ಇಟ್ಟಿಗೆಯ ಗೋಡೆ ಚೆಂದವಿದೆ, ಮಾಳಿಗೆಯ ಮಳೆನೀರು ತೊಟ್ಟಿಗಿಳಿದು ಬೇವಿನ ಸಸಿಗಳು ಚಿಗುರಿವೆ, ಬಿಸಿಲಿನಿಂದಲೇ ಕರೆಂಟು ಹುಟ್ಟುತ್ತದೆ; ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲವೆಂಬುದು ತಮಗೂ ಗೊತ್ತು. ಆದರೂ ಮಾರ್ಚಿನ ಮಧ್ಯಾಹ್ನ ಆ ಕರೆಂಟನ್ನು ತಾವು ಕಾಯುವ ಶ್ರದ್ಧೆ ಕಂಡರೆ ಕೈ ಮುಗಿಯಬೇಕೋ ಅಳಬೇಕೋ ತಿಳಿಯದು.

ನನ್ನ ಮಕ್ಕಳು ಕೈ ಕಟ್ಟಿ, ಮಿಸುಕದೆ ಕೂತು ಪಾಠ ಕೇಳುವವರೆಂದು ಊರಲ್ಲೆಲ್ಲ ಹೆಸರು. ಅದೇ ನಮಗೆ ಮುಳುವಾಯಿತು. ಅವರು ಲೆಕ್ಕದಲ್ಲಿ ಮುಳುಗಿದೊಡನೆ ಕೊಠಡಿ ಖಾಲಿಯಾಯಿತೆಂದು ತಾವು ಫ್ಯಾನು ನಿಲ್ಲಿಸುತ್ತೀರಿ. ಪಕ್ಕದ ತರಗತಿಯಲ್ಲಿ ಬೆಂಚು ಹತ್ತಿ ಕುಣಿಯುವವರಿಗೆ ಇಡೀ ದಿನ ತಂಗಾಳಿ. ಗೋಡೆಗೆ ಸ್ವಿಚ್ಚಿಲ್ಲ. ತಮ್ಮ ದೃಷ್ಟಿ ಬೀಳುವುದು ಹಿಂದಿನ ಬೆಂಚಿನ ಮೇಲೆ ಮಾತ್ರವಾದ್ದರಿಂದ, ಬೋರ್ಡಿನ ಬಳಿ ನಾನು ಎಷ್ಟು ಹಾರಾಡಿದರೂ ವ್ಯರ್ಥ.

ಕೊನೆಗೆ, ಒಂದು ಕಡೆ ಕೂಡಲಾರದ ಗುಲ್ಫಶಾಳನ್ನು ಆ ಬೆಂಚಿಗೆ ಕೂಡಿಸಿದೆವು. ಫ್ಯಾನು ನಿಂತಾಗಲೆಲ್ಲ ಎದ್ದು ಕೈ ಬೀಸುವುದು ಅವಳ ಪಾಲಿನ ಕೆಲಸ. ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಬೀಸಿದಳು. ಉಳಿದವರೆಲ್ಲ ಬರೆದು ಮುಗಿಸಿದರು. ಲೆಕ್ಕದಲ್ಲಿ ಎಲ್ಲರಿಗಿಂತ ಜಾಣೆಯಾದ ಅವಳ ಹಾಳೆ ಮಾತ್ರ ಅರ್ಧಕ್ಕೆ ನಿಂತಿತ್ತು. "ಟೀಚರ್, ನಾ ಬರೀಲೇನ್ರಿ, ಕೈ ಬೀಸ್ಲೇನ್ರಿ? ಯಾವ್ದರೆ ಒಂದ್ ಹೇಳ್ರಿ" ಎಂದು ಅವಳು ಕೇಳಿದಳು.

ಮುಂದಿನ ವಾರ ಇದೇ ಕೊಠಡಿಯಲ್ಲಿ ಅವಳು ವಾರ್ಷಿಕ ಪರೀಕ್ಷೆ ಬರೆಯಬೇಕು. ಆದಕಾರಣ ಸಾಹೇಬರು ದೊಡ್ಡ ಮನಸ್ಸು ಮಾಡಿ, ಯೋಚಿಸುತ್ತ ಕೂತವರನ್ನೂ ಇದ್ದಾರೆಂದೇ ತಿಳಿಯಬೇಕು; ಹಾಳೆಯ ಮೇಲೆ ಬೀಳುವ ಬೆವರ ಹನಿಯನ್ನೂ ಅಲುಗಾಟವೆಂದು ಒಪ್ಪಬೇಕು; ಅದೂ ಆಗದಿದ್ದರೆ, ಆ ಒಂದು ದಿನದ ಮಟ್ಟಿಗೆ ತಾವೇ ಕೆಳಗಿಳಿದು ಬಂದು ಕೈ ಬೀಸಬೇಕು. ಹುಡುಗಿ ಬರೆಯಲಿ.

ತಮ್ಮ ಗಾಳಿಯನ್ನೇ ನಂಬಿ ಕೂತಿರುವ,
ತಮ್ಮ ವಿಶ್ವಾಸಿ
ಶಶಿಕಲಾ

ಮರೆತ ಮಾತು: ಈ ದೂರು ಕೇಳಲೆಂದೇ ಮೊನ್ನೆ ರಾಯಚೂರಿನಿಂದ ಕಟ್ಟಡ ಸಮಿತಿಯವರು ಬಂದು, ಊಟ ಮುಗಿಸಿ, ಅದೇ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ನಾನು ಗುಲ್ಫಶಾಳ ವಿಷಯಕ್ಕೆ ಬರುವಷ್ಟರಲ್ಲಿ ಅವರೆಲ್ಲರ ಕಣ್ಣು ಮುಚ್ಚಿ, ಫ್ಯಾನು ನಿಂತಿತು. ಅಲ್ಲಿ ಯಾರೂ ಇಲ್ಲವೆಂದು ತಾವು ತೀರ್ಮಾನಿಸಿದಿರಿ. ಅವತ್ತು ಮಾತ್ರ ತಮ್ಮ ತೀರ್ಮಾನದಲ್ಲಿ ತಪ್ಪಿರಲಿಲ್ಲ.