ಚಿಕ್ಕಪ್ಪ ಬಾಟಲಿ ಆರಿಸಿದ್ದು

ಒಂದು ಹನಿ ಮದ್ಯವನ್ನೂ ನಾಲಿಗೆಗೆ ಸೋಕಿಸದೆ, ಮೂರೇ ವಾರಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳ ವೈನ್ ಶಾಪಿನವರೆಲ್ಲ ಕಂಡೊಡನೆ ಕೈಮುಗಿದು “ಇವತ್ತು ಬ್ಯಾಡಿ ಯಜಮಾನ್ರೇ” ಎನ್ನುವಂತೆ ಮಾಡಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ! ಆ ಗುರುವಾರವೂ ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸು ಹಿಡಿದು ಚಾಮರಾಜನಗರದ ನಮ್ಮ ಕಚೇರಿಗೆ ಬಂದಿಳಿದರು. ಊಟದ ಬಿಡುವಿಗೆ ಇನ್ನೂ ಎರಡು ಗಂಟೆ ಇದೆ, ಕೂತಿರಿ ಎಂದೆ. ಕೂರುವುದೇ! ವರಾಂಡದ ಈ ತುದಿಯಿಂದ ಆ ತುದಿಗೆ ನಡೆದೇ ನಡೆದರು. ಅದು ಅವರ ಕೊನೆಯ ಮಾಮೂಲಿ ದಿನ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಧ ದಿನ ರಜೆ ಹಾಕುತ್ತಿದ್ದೆ.

ಚಿಕ್ಕಪ್ಪ ಲಿಂಗ ಕಟ್ಟಿದವರು. ಬೀಡಿ ಇಲ್ಲ, ಎಲೆಯಡಿಕೆ ಕೂಡ ಇಲ್ಲ. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ದಲ್ಲಾಳಿ. ಚೀಲದ ಬಾಯಲ್ಲಿ ಕಾಣುವ ಈರುಳ್ಳಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಳಕೈವರೆಗೆ ತೋಳು ತೂರಿಸಿ ನಡುವಿನದೊಂದನ್ನು ತೆಗೆದು, ಹಿಸುಕಿ, ಮೂಸಿ, ಕುಯ್ದು ನೋಡಿದ ಮೇಲೆಯೇ ಮಾತು. “ಮ್ಯಾಲಿರದು ಎಣ್ ನೋಡಕೆ ಬಂದಾಗ ಕೂರ್ಸೊ ಎಣ್ಣಿದ್ದಂಗೆ ಕಣಮ್ಮಿ, ಪೌಡ್ರು ಆಕಿರ್ತಾರೆ” ಎನ್ನುತ್ತಿದ್ದರು.

ಇಂಥವರಿಗೆ ಬಾಟಲಿ ಏಕೆ ಬೇಕಾಯಿತು? ಚೇಟನಿಂದಾಗಿ. ಚೇಟ ಎಂದರೆ ಗುಂಡ್ಲುಪೇಟೆಯಲ್ಲೇ ನೆಲೆಸಿರುವ ಮಲಯಾಳಿ ವ್ಯಾಪಾರಿ. ಇಲ್ಲಿನ ಈರುಳ್ಳಿಯನ್ನು ಕೇರಳಕ್ಕೆ ಕಳಿಸುವವರು, ಚಿಕ್ಕಪ್ಪನ ಇಪ್ಪತ್ತು ವರ್ಷದ ಗೆಳೆಯ. ನಾಲ್ಕು ವರ್ಷದ ಹಿಂದೆ ಚಿಕ್ಕಮ್ಮನಿಗೆ ಆಪರೇಷನ್ ಆದ ದಿನ, ಚಿಕ್ಕಪ್ಪ ಒಂದೇ ಒಂದು ಲೋಡನ್ನು ಕೈ ತೂರಿಸದೆ ತುಂಬಿಸಿಬಿಟ್ಟರು. ಅದರಲ್ಲಿ ಕೊಳೆತದ್ದು ಬಂತು. ಚೇಟ ಮಂಡಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಕೂಗಾಡಿದರು. ಅಂದಿನಿಂದ ಮಾತು ನಿಂತಿತು. ಎರಡು ಬೀದಿಯ ಆಚೆ ಈಚೆ ಮನೆ, ಆದರೆ ಚೇಟನ ಮುಖ ಕಾಣಬಾರದೆಂದು ಚಿಕ್ಕಪ್ಪ ಹಾಲು ತರಲು ಅರ್ಧ ಊರು ಸುತ್ತುತ್ತಿದ್ದರು! ಹೀಗಿರುವಾಗ ಚೇಟನ ಹೊಸ ಮನೆಯ ಗೃಹಪ್ರವೇಶದ ಕಾರ್ಡು ಬಂತು.

“ತಪ್ಪು ನಂದೇಯ ಕಣಮ್ಮಿ. ಆದ್ರೆ ತಪ್ಪಾಯ್ತು ಅನ್ನಕೆ ಬಾಯೇ ಬರಕಿಲ್ಲ. ಒಳ್ಳೆ ಬಾಟ್ಲಿ ಒಂದ ಮುಂದ್ಕೆ ಮಡುಗ್ಬುಟ್ರೆ ಅದೇ ಯೋಳ್ಕತದೆ.”

“ಹಣ್ಣು ತಗೊಂಡು ಹೋಗಿ ಚಿಕ್ಕಪ್ಪ.”

“ಅಣ್ಣು ಕಾಯ್ಲೆ ಬಿದ್ದೋರ್ಗೆ. ಅವನ್ಗೆ ಅಮೇರಿಕದ ಬರ್ಬನ್ ವಿಸ್ಕೀನೇ ಆಗ್ಬೇಕು. ದುಬೈ ಓಟ್ಲಲ್ಲಿ ಕೆಲ್ಸ ಮಾಡ್ವಾಗ ಕಲ್ತಿದ್ದು. ಅದ್ರ ಪುರಾಣ ಇಪ್ಪತ್ ವರ್ಸ ಕೇಳಿವ್ನಿ. ನಂಗೆ ಇಂಗ್ಲೀಸ್ ಬರಕಿಲ್ಲ, ನೀ ಬಂದು ಓದ್ಬುಡು.”

ಹೀಗೆ, ಜನ್ಮದಲ್ಲಿ ಬ್ರಾಂದಿ ಅಂಗಡಿಯ ಮೆಟ್ಟಿಲು ತುಳಿಯದ ನಾನು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಲೇಬಲ್ ಓದುವವಳಾದೆ.

ಮೊದಲ ಅಂಗಡಿ ಗುಂಡ್ಲುಪೇಟೆಯದು. ಎದುರಿಗೆ ಜೋಡಿಸಿದ್ದು ಬೇಡ, ಹಿಂದಿನ ಸಾಲಿನ ನಡುವಿನದೇ ಬೇಕು ಎಂದರು. ಅಂಗಡಿಯವನು ಏಣಿ ಹತ್ತಿ ತೆಗೆದುಕೊಟ್ಟ. ಚಿಕ್ಕಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದರು, ಅಂಗೈಯಲ್ಲಿ ತೂಗಿದರು, ಕಿವಿಯ ಹತ್ತಿರ ಕುಲುಕಿದರು. ನಾನು ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಮುಳುಗಿದ್ದೆ. ಟಕ್ ಎಂದು ಸದ್ದಾಯಿತು. ತಲೆ ಎತ್ತಿದರೆ ಸೀಲು ಒಡೆದು, ಮುಚ್ಚಳ ಬಿಚ್ಚಿ ಮೂಸುತ್ತಿದ್ದಾರೆ!

“ಯಜಮಾನ್ರೇ! ಏನ್ ಮಾಡ್ಬುಟ್ರಿ?”

“ಏನ್ಲಾ, ಒಂದ್ ಕುಯ್ದು ನೋಡ್ದೆ ಮೂಟೆ ತಕ್ಕತೀವಾ?”

ಬೇರೆ ದಾರಿಯಿರಲಿಲ್ಲ, ಕೊಂಡುಕೊಂಡೆವು. ಸೀಲು ಒಡೆದದ್ದನ್ನು ಉಡುಗೊರೆ ಕೊಡುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಅದು ಚಿಕ್ಕಮ್ಮನ ಅಡುಗೆಮನೆಯ ಗೂಡು ಸೇರಿತು. ಮುಂದಿನ ಸೋಮವಾರ ಮನೆಗೆ ಪೂಜೆಗೆ ಬಂದ ಅಯ್ಯನವರ ಕಣ್ಣು ಅದರ ಮೇಲೆಯೇ ಬೀಳಬೇಕೇ? ಚಿಕ್ಕಮ್ಮ ಗಾಬರಿಯಲ್ಲಿ “ಜೇನ್ತುಪ್ಪ ಬುದ್ಧಿ, ಬಂಡೀಪುರದ ಕಡೇದು” ಅಂದುಬಿಟ್ಟರು. ಬಣ್ಣ ನೋಡಿದರೆ ಯಾರಾದರೂ ನಂಬಬೇಕು! ಅಯ್ಯನವರು ಬಲು ಸಂತೋಷದಿಂದ, “ಹಾಗಾದರೆ ಅಭಿಷೇಕಕ್ಕೆ ಎರಡು ಚಮಚ ಕೊಡವ್ವ” ಎಂದು ಕೈ ಚಾಚಿದರು. ಚಿಕ್ಕಪ್ಪ ಪೂಜೆಯ ಮಣೆಯಿಂದ ಹಾರಿ ಎದ್ದು, “ಬುದ್ಧಿ, ಅದು ಅಮೇರಿಕದ ಜೇನು! ನಮ್ ಲಿಂಗುಕ್ ಆಗಕಿಲ್ಲ!” ಎಂದು ಕೂಗಿದರಂತೆ.

ಅಷ್ಟಕ್ಕೇ ಬಿಟ್ಟರೆ? ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಫೋನು. ಮುಚ್ಚಳ ಮರದ್ದೋ ತಗಡಿನದ್ದೋ? ತಳ ದಪ್ಪವೋ ತೆಳುವೋ? ಇನ್ನು ಚಾಮರಾಜನಗರದ ಅಂಗಡಿಗಳ ಸರದಿ. ಒಂದು ಕಡೆ ಅಂಗಡಿಯವನು ಹೆಮ್ಮೆಯಿಂದ, “ಎಂಟು ವರ್ಷದ್ದು ಸಾರ್” ಎಂದ. ಚಿಕ್ಕಪ್ಪ ಬೆಚ್ಚಿಬಿದ್ದರು.

“ಎಂಟ್ ವರ್ಸ ಗೋಡೌನ್ನಲ್ ಬಿದ್ದಿದ್ ಮಾಲಾ? ಓದ್ ತಿಂಗ್ಳು ಬಂದಿದ್ ಇದ್ರೆ ತೋರ್ಸಪ್ಪ.”

“ಇದು ಹಳೇದಾದಷ್ಟೂ ರುಚಿ ಸಾರ್. ಒಳಗೆಲ್ಲ ಸುಟ್ಟ ಮರದ ಪೀಪಾಯಿಲಿ ಇಟ್ಟಿರ್ತಾರೆ. ಮುಸುಕಿನ ಜೋಳದ್ದು.”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ನಮ್ಮೂರ್ ಕಡೆ ಜೋಳ ಕೋಳಿ ತಿಂತವೆ. ಅದ್ನೇ ಸೀಸಿ ಎಂಟ್ ವರ್ಸ ಮಡುಗುದ್ರೆ ಇಷ್ಟ್ ರೇಟಾ? ನಿಮ್ ಚಿಕ್ಕಮ್ಮ ದಿನಾ ಸೀಸ್ತಾಳಲ್ಲ ಪಲ್ಯಾವ, ಸುಮ್ನೆ ತಿಂದು ದಂಡ ಮಾಡ್ಬುಟ್ಟೊ!”

ಇಷ್ಟು ಸುತ್ತಿದರೆ ಯಾರ ಕಣ್ಣಿಗೂ ಬೀಳದೆ ಇರುತ್ತೇನೆಯೇ? ನಮ್ಮ ಕಚೇರಿಯ ಪ್ಯೂನ್ ನೋಡಿದ. ಮರುದಿನ ನನ್ನ ಮೇಜಿನ ಬಳಿ ಬಂದು ಬಗ್ಗಿ, ಬಹಳ ಕಾಳಜಿಯಿಂದ ಪಿಸುಗುಟ್ಟಿದ: “ಮೇಡಂ, ಆ ಅಂಗ್ಡಿ ಬ್ಯಾಡ. ಬಸ್‌ಸ್ಟ್ಯಾಂಡ್ ಅತ್ರದವ್ನು ಕಡ್ಲೆಬೀಜಾನೂ ಫ್ರೀ ಕೊಡ್ತನೆ.”

ಆ ಗುರುವಾರ ಊಟದ ಬಿಡುವಿನಲ್ಲಿ ಹೋದದ್ದು ಊರಿನ ದೊಡ್ಡ ಅಂಗಡಿಗೆ. ಅಲ್ಲಿ ಎರಡು ಬಾಟಲಿಗಳು ಚಿಕ್ಕಪ್ಪನ ಮನಸ್ಸಿಗೆ ಬಂದವು. ಒಂದು ಗಿಡ್ಡದು, ಒಂದೇ ಪೀಪಾಯಿಯಿಂದ ತುಂಬಿಸಿದ್ದು. ನಾಲ್ಕು ಹೊಲದ ಈರುಳ್ಳಿ ಬೆರೆಸುವುದು ಅವರಿಗೆ ಮಹಾಪಾಪವಾದ್ದರಿಂದ ಅದು ಹಿಡಿಸಿತು. ಇನ್ನೊಂದು ಉದ್ದ ಕತ್ತಿನದು, ಹಲವು ಪೀಪಾಯಿಗಳದ್ದು, ಆದರೆ ಬಣ್ಣ ಬಹಳ ಚೆನ್ನಾಗಿತ್ತು. ಅದನ್ನು ಎತ್ತುವುದು, ಇದನ್ನು ಇಡುವುದು. ಇದನ್ನು ಎತ್ತುವುದು, ಅದನ್ನು ಇಡುವುದು. ನನಗೆ ಕಚೇರಿಗೆ ಹೊತ್ತಾಗುತ್ತಿತ್ತು. “ಯಾವುದಾದರೂ ಒಂದು ತಗೊಳ್ಳಿ ಚಿಕ್ಕಪ್ಪ, ಚೇಟ ಏನು ಪರೀಕ್ಷೆ ಮಾಡುತ್ತಾರಾ?” ಎಂದು ರೇಗಿದೆ.

“ಈ ಸರ್ತಿ ಕೆಟ್ಟದ್ ಓಗ್ಬಾರ್ದು ಕಣಮ್ಮಿ” ಎಂದರು. ಅಷ್ಟೇ. ಬಸ್ಸಿನ ಕಿಟಕಿಯಿಂದ, “ಯಾವ್ದು ಅಂತ ನಾಳಿಕ್ ಬೆಳಿಗ್ಗೆ ಫೋನ್ ಮಾಡ್ ಯೋಳ್ತೀನಿ, ಅದ್ನೇ ತಕ್ಕಂಡ್ ಮಡುಗಿರು” ಎಂದು ಕೂಗಿದರು.

ಬೆಳಿಗ್ಗೆ ಆರಕ್ಕೆ ಫೋನು ಬಂತು. ಮಾತಾಡಿದ್ದು ಚಿಕ್ಕಮ್ಮ. ನಸುಕಿನಲ್ಲೇ ಹಿತ್ತಲಿಗೆ ಮುಖ ತೊಳೆಯಲು ಹೋದ ಚಿಕ್ಕಪ್ಪ ಅಲ್ಲೇ ಕುಸಿದರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಚೇಟ ಬಂದರು. ಗೃಹಪ್ರವೇಶವನ್ನು ಮುಂದಕ್ಕೆ ಹಾಕಿದ್ದರು. ಪೆಂಡಾಲಿನ ಕೊನೆಯ ಕುರ್ಚಿಯಲ್ಲಿ ಕೂತು, ನಾನು ಹತ್ತಿರ ಹೋದಾಗ, “ಅವನು ನನ್ನ ಬಗ್ಗೆ ಏನಾದರೂ ಹೇಳ್ತಿದ್ದನಾ ಮೋಳೇ, ಮಗಳೇ?” ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಸೀಲು ಒಡೆದದ್ದು ಹೇಳುವಾಗ ನಕ್ಕರು. ಅಮೇರಿಕದ ಜೇನಿಗೆ ಇನ್ನೂ ಜೋರಾಗಿ ನಕ್ಕು, ಸುತ್ತಲಿನವರು ತಿರುಗಿ ನೋಡಿದಾಗ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಬಹಳ ಹೊತ್ತು ಅದನ್ನು ತೆಗೆಯಲಿಲ್ಲ.

“ಆ ಲೋಡಲ್ಲಿ ಕೆಟ್ಟಿದ್ದು ನಾಲ್ಕೇ ಚೀಲ ಮೋಳೇ. ಅದಕ್ಕೆ ನಾನು ಅಷ್ಟು ಜನರ ಮುಂದೆ ಕೂಗಿದೆ. ಸಾರಿ ಹೇಳಕ್ಕೆ ನನಗೂ ಬಾಯಿ ಬರಲಿಲ್ಲ. ಅದಕ್ಕೇ ಕಾರ್ಡ್ ಕಳಿಸಿದ್ದು.”

ಆಮೇಲೆ ಕೇಳಿದರು, “ಕೊನೆಗೆ ಯಾವುದು ಆರಿಸಿದ?”

ಗಿಡ್ಡದ್ದು, ಉದ್ದ ಕತ್ತಿನದು, ಎರಡನ್ನೂ ವಿವರಿಸಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಯಾವುದನ್ನಾದರೂ ನಾನೇ ಹೇಳಿಬಿಡಬಹುದಿತ್ತು.

ಯಾವುದು ಎಂದು ಚಿಕ್ಕಪ್ಪ ನನಗೆ ಹೇಳಿಲ್ಲ.