ಸ್ಟ್ರಿಂಗ್ ಒಡೆಯುವ ಪಾಠ

ಕಂಪ್ಯೂಟರ್ ಕಲಿಸುವವನ ಸುತ್ತ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಗಬಾರದ ಹೊತ್ತಿಗೇ ನಡೆಯುತ್ತವೆ ಅನ್ನುವುದೇ ಕಷ್ಟ. ಎಂಬತ್ತರ ದಶಕದ ಕೊನೆಗೆ ರಾಯಚೂರಿನ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ನಾನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದೆ. ಆ ವಾರದ ಪಾಠ ಸ್ಟ್ರಿಂಗ್ ಒಡೆಯುವುದು. ಅಂದರೆ ಹೆಸರು, ಊರು, ತಾಲೂಕು ಒಂದೇ ಸಾಲಿನಲ್ಲಿದ್ದರೆ, ಕಾಮಾ ಇರುವಲ್ಲಿ ಕತ್ತರಿಸಿ ಬೇರೆ ಬೇರೆ ಮಾಡುವುದು.

ಮತ್ತೆ ಮೊದಲಿನಿಂದ

ಪೋತ್ನಾಳದ ಕಿರಾಣಿ ಅಂಗಡಿಯವರೊಬ್ಬರು ಕಲಿಯಲು ಬರುತ್ತಿದ್ದರು. ಯಂತ್ರ ಹೆಸರು ಕೇಳಿತು. ಇವರು ಹೆಸರು ಒತ್ತಿ, ಕಾಮಾ ಹಾಕಿ, ಊರನ್ನೂ ಸೇರಿಸಿದರು. ಒಂದು ಕೇಳಿದರೆ ಎರಡು ಕೊಟ್ಟರಲ್ಲ, ಯಂತ್ರ ಇಂಗ್ಲಿಷಿನಲ್ಲಿ ತಕರಾರು ತೆಗೆಯಿತು.

"ಏನಂತದ್ರಿ ಸರ್?"

"ಮತ್ತ ಮೊದಲಿಂದ ಮಾಡ್ರಿ ಅಂತದ."

ಅವರು ಎದ್ದು ಹೊರಗೆ ಹೋದರು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಸಿಟ್ಟಾದರೇನೋ ಎಂದುಕೊಂಡೆ. ತುಸು ಹೊತ್ತಿಗೆ ಮತ್ತೆ ಮೇಲೆ ಬಂದು, ಚಪ್ಪಲಿ ಬಿಟ್ಟು, ಕೈ ಮುಗಿದರು.

"ನಮಸ್ಕಾರ್ರೀ ಸರ್. ಈಗ ತಗೋತದೇನ್ ನೋಡ್ರಿ."

ಒಡೆದದ್ದೇನು?

ತರಗತಿಗೆ ಒಬ್ಬಳೇ ಹುಡುಗಿ, ದೇವದುರ್ಗದವಳು. ಎಲ್ಲರಿಗಿಂತ ಚುರುಕು. ಊರಿಗೆ ಹೋದಾಗ ಅಪ್ಪನಿಗೆ, "ಈ ವಾರ ಒಡಿಯೋದು ಕಲ್ತೆ" ಅಂದುಬಿಟ್ಟಿದ್ದಳು. ಮರುದಿನವೇ ಅಪ್ಪ ಹಾಜರು.

"ಏನ್ ಒಡದಾಳ್ರಿ? ಮನ್ಯಾಗ ಒಂದು ಕಪ್ಪು ಒಡದಾಕಿ ಅಲ್ಲ."

"ಏನೂ ಒಡದಿಲ್ರಿ ಯಜಮಾನ್ರ. ನಾನ ಒಡಿಯೋದು ಕಲಸಾಕತ್ತೀನಿ."

"ಹಂಗಿದ್ರ ಈಕಿನ್ನ ಊರಿಗೆ ಕರಕೊಂಡು ಹೋಗ್ತೀನಿ. ಒಡಿಯಾಕ ನಮ್ಮ ಮನ್ಯಾಗ ಗಡಗಿ ರಗಡ ಅದಾವ."

ಹುಡುಗಿಯ ಮುಖ ಬಾಡಿತು. ಇದೊಂದು ಪಾಠ ಕೇಳಿ ಆಮೇಲೆ ಕರೆದುಕೊಂಡು ಹೋಗಿ ಎಂದು ಅಂಗಲಾಚಿ, ಅವರನ್ನು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದೆ.

ಕುರ್ಚಿಯ ಮೇಲಿನ ಅಪ್ಪ

ಹೆದರಿಕೆಗೆ ನನ್ನ ದನಿ ಎಂದಿಗಿಂತ ಜೋರಾಗಿತ್ತು.

"ಕಾಮಾ ಎಲ್ಲಿ ಕಾಣ್ತದೋ ಅಲ್ಲೇ ಕಡೀರಿ. ಒಂದು ಕಾಮಾನೂ ಒಳಗ ಉಳೀಬಾರದು. ಉಳೀತಂದ್ರ ಮುಂದಿಂದೆಲ್ಲಾ ಕೆಡ್ತದ."

ಅಪ್ಪ ಕಣ್ಣು ಮುಚ್ಚಿ ತಲೆದೂಗತೊಡಗಿದರು. ಪಾಠ ಮುಗಿದದ್ದೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದರು.

"ಈ ವಯಸ್ಸಿನ ಹುಡುಗೂರಿಗೆ ಇಂಥಾ ಮಾತು ಯಾರ್ ಹೇಳ್ತಾರ್ರೀ? ಈಕಿ ಇಲ್ಲೇ ಕಲೀಲಿ."

ಹುಡುಗಿ ನಗು ತಡೆಯಲು ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನನಗಂತೂ ಹೋದ ಜೀವ ಬಂದಂತಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದವರು ಮತ್ತೆ ತಿರುಗಿ ನಿಂತರು.

"ಸರ್, ಕಾಮ ಅಂತೂ ಆತು. ಕ್ರೋಧ ಯಾವಾಗ ಹೇಳ್ತೀರಿ? ಈಕಿ ಅವ್ವನ್ನೂ ಕರಕೊಂಡು ಬರ್ತೀನಿ."