ಕಪ್ಪೆ ತಿರುವು

ರಗಳೆ ಶುರುವಾದದ್ದು ಒಂದು ಕಾಲುಚೀಲದಿಂದ. ಎಡಗಾಲಿಗೆ ಅದನ್ನು ಏರಿಸಲು ಬಗ್ಗಿದ್ದೇ ತಡ, ಮಾಸ್ತರರ ಸೊಂಟದ ಕೀಲು ‘ಕಟಕ್’ ಅಂದಿತು. ತೊಡೆಸಂದಿಯಲ್ಲಿ ಜೀವ ಹೋಗುವಂಥ ನೋವು.

“ತಿಂಗಳಿಂದ ಬಡ್ಕೋತಿದೀನಿ, ಡಾಕ್ಟರ ಹತ್ರ ಹೋಗಿ ಅಂತ,” ಎಂದು ಹೆಂಡತಿಯೇ ಕಾಲುಚೀಲ ತೊಡಿಸಿದಳು.

“ಮೆತ್ತಗೆ ಮಾತಾಡೇ! ಯಾರಾದ್ರೂ ಕೇಳಿಸ್ಕೊಂಡ್ರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ!”

ಮಾನದ ಪ್ರಶ್ನೆಯೇ ಸರಿ. ನಿವೃತ್ತ ಡ್ರಿಲ್ ಮಾಸ್ತರರು ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಬೀದಿಯವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಕುಕ್ಕರುಗಾಲಲ್ಲಿ ಕೂತು ಒಂದು ಕಾಲನ್ನು ಇನ್ನೊಂದರ ಮೇಲಿಂದ ತಿರುಚುವ ‘ಕಪ್ಪೆ ತಿರುವು’ ಅವರದೇ ಆವಿಷ್ಕಾರ. “ಇದನ್ನ ಮಾಡೋರು ಡಾಕ್ಟರ ಮುಖ ನೋಡೋ ಹಾಗೇ ಇಲ್ಲ” ಎಂದು ಎದೆ ತಟ್ಟಿ ಹೇಳಿದ್ದರು.

ಅಂದು ಪಾರ್ಕಿಗೆ ಬಂದವರು ಪೋಸ್ಟ್‌ಮಾಸ್ಟರ್ ಒಬ್ಬರೇ. ಬೇಕರಿಯವನಿಗೆ ಹಲ್ಲುನೋವಂತೆ, ಟೈಲರಮ್ಮನ ಮನೆಗೆ ನೆಂಟರಂತೆ. “ನಂಗೂ ಸ್ವಲ್ಪ ಕೆಲಸ ಇದೆ ಮಾಸ್ತರೇ,” ಎಂದು ಅವರೂ ಜಾಗ ಖಾಲಿ ಮಾಡಿದರು.

“ಸೋಮಾರಿಗಳು!” ಎಂದು ಗುಡುಗಿದ ಮಾಸ್ತರರು, ಬದುಕಿದೆಯಾ ಬಡಜೀವವೇ ಎಂದುಕೊಂಡು, ಗುರುತಿನವರು ಸಿಗಲಾರದ ಊರಾಚೆಯ ಆಸ್ಪತ್ರೆಗೆ ಬಸ್ಸು ಹತ್ತಿದರು.

ಡಾಕ್ಟರು ಮಲಗಿಸಿ, ಮಂಡಿಯನ್ನು ಎದೆಯತ್ತ ಮಡಿಸಿ, ಪಾದವನ್ನು ಹೊರಕ್ಕೆ ತಿರುಗಿಸಿದರು.

“ಅಯ್ಯಯ್ಯೋ, ಸತ್ತೆ!”

ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗೇ ಇತ್ತು. ಸ್ಕ್ಯಾನಿನಲ್ಲಿ ಗುಟ್ಟು ರಟ್ಟಾಯಿತು.

“ಕೀಲಿನ ಬಟ್ಟಲಿನ ಅಂಚಿಗಿರೋ ಮೆದುಮೂಳೆ ಹರಿದಿದೆ. ನಲ್ಲಿಗೆ ವಾಷರ್ ಇದ್ದ ಹಾಗೆ ಅದು. ಕುಕ್ಕರುಗಾಲು, ತಿರುಚೋದು ಎಲ್ಲ ಬಂದ್. ಮೊದಲು ಫಿಸಿಯೋಥೆರಪಿ, ಅದಕ್ಕೂ ಬಗ್ಗದಿದ್ರೆ ಆಪರೇಷನ್. ಒಳಗಿನ ಫಿಸಿಯೋಥೆರಪಿ ಕೋಣೆಗೆ ನಡೀರಿ, ನಾನೂ ಬಂದೆ.”

ಮಾಸ್ತರರು ಕುಂಟುತ್ತ ಹೋಗಿ ಪರದೆ ಸರಿಸಿದರೆ, ಮಂಚದ ಮೇಲೆ ಕಾಲೆತ್ತಿ ಮಲಗಿದ್ದಾನೆ ಬೇಕರಿಯವ! ಪಕ್ಕದ ಮಂಚದಲ್ಲಿ ಟೈಲರಮ್ಮ. ಮೂಲೆಯಲ್ಲಿ ಪೋಸ್ಟ್‌ಮಾಸ್ಟರ್.

ಮೂವರೂ ಧಡಕ್ಕನೆ ಎದ್ದು ಕೂತರು. “ತಪ್ಪಾಯ್ತು ಮಾಸ್ತರೇ!” ಎಂದ ಬೇಕರಿಯವ. “ಸುಳ್ಳು ಹೇಳಿದ್ದು ಗೊತ್ತಾಗಿ ಹುಡುಕ್ಕೊಂಡು ಬಂದ್ರಾ?”

“ನಮ್ಗೆಲ್ಲ ಸೊಂಟದ ಕೀಲು ಕೆಟ್ಟಿದೆ,” ಎಂದರು ಟೈಲರಮ್ಮ. “ಕಪ್ಪೆ ತಿರುವನ್ನ ನಾವೇ ಎಲ್ಲೋ ತಪ್ಪು ಮಾಡ್ತಿದೀವಿ. ಒಂದ್ಸಲ ಸರಿಯಾಗಿ ತೋರಿಸ್ಬಿಡಿ.”

ಮಾಸ್ತರರು ಸ್ಕ್ಯಾನಿನ ಕವರನ್ನು ಬೆನ್ನ ಹಿಂದೆ ಅಡಗಿಸಿದರು. ನಿಜ ಹೇಳಿಬಿಡಲೇ? ನಾಲಗೆ ತುದಿಗೇ ಬಂದಿತ್ತು. ಆದರೆ ಆ ಮೂವರ ಕಣ್ಣಲ್ಲಿದ್ದ ಭಕ್ತಿ ನೋಡಿ ನುಂಗಿಕೊಂಡರು.

“ನೋಡ್ಕೊಳ್ಳಿ!” ಎಂದು ಹಲ್ಲುಕಚ್ಚಿ ಕೂತು, ಜಾಣತನದಿಂದ ಎಡಗಾಲನ್ನು ಬಿಟ್ಟು ಬಲಗಾಲನ್ನು ತಿರುಚಿದರು.

‘ಕಟಕ್.’

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ನಿಟ್ಟುಸಿರು ಬಿಟ್ಟರು. “ಸಿಸ್ಟರ್, ಇವರ ಎಡಗಾಲಿನ ಚೀಟೀಲೇ ಬಲಗಾಲನ್ನೂ ಸೇರಿಸ್ಬಿಡಿ.”